ಮೀನು ಮಾರ್ಚ್‌ನಲ್ಲೇ ತತ್ತಿಗೆ ಬಂದರೆ ಲೆಕ್ಕ ಇಡುವವರು ಯಾರು?

ಪ್ರತಿವರ್ಷ ಜುಲೈ 10ರಂದು ದೇಶದಾದ್ಯಂತ ಮೀನುಕೃಷಿಕರ ದಿನವನ್ನು ಆಚರಿಸಲಾಗುತ್ತದೆ. 2001ರಿಂದ ನಡೆದುಬಂದಿರುವ ಈ ಆಚರಣೆಗೆ ಈಗೊಂದು ನಿಶ್ಚಿತ ರೂಪ ಬಂದುಬಿಟ್ಟಿದೆ. ಶಾಮಿಯಾನ, ಹಾರ, ಶಾಲು, ಭಾಷಣ. ಕೊನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ತಂದ ಬಿತ್ತನೆ ಮರಿಗಳನ್ನು ಗಣ್ಯರು ಕೆರೆಗೆ ಬಿಡುವ ಛಾಯಾಚಿತ್ರ. ಮರುದಿನದ ಪ್ರಕಟಣೆಯಲ್ಲಿ ಬಿಟ್ಟ ಮರಿಗಳ ಸಂಖ್ಯೆ ಇರುತ್ತದೆ. ಅವುಗಳಲ್ಲಿ ಎಷ್ಟು ಬದುಕಿ ಬೆಳೆದವು ಎಂಬ ಸಂಖ್ಯೆ ಮುಂದಿನ ವರ್ಷದ ಪ್ರಕಟಣೆಯಲ್ಲಿ ಕಾಣಸಿಗುವುದು ಅಪರೂಪ. ಮೂರು ದಶಕಗಳಿಗೂ ಹೆಚ್ಚು ಕಾಲ ಸಿಹಿನೀರು ಮೀನುಗಾರಿಕೆಯ ಸರ್ಕಾರಿ ವಿಜ್ಞಾನಿಯಾಗಿದ್ದ ನಾನೂ ಇಂಥ ಅನೇಕ ಶಾಮಿಯಾನಗಳ ಕೆಳಗೆ ಕುಳಿತು ಚಹಾ ಕುಡಿದಿದ್ದೇನೆ. ಆದ್ದರಿಂದ ಮುಂದೆ ಹೇಳಲಿರುವ ಮಾತುಗಳಲ್ಲಿ ನನ್ನ ಪಾಲಿನ ತಪ್ಪೂ ಸೇರಿದೆ.

ಆ ದಿನಾಂಕಕ್ಕೆ ಕಾರಣನಾದ ಮನುಷ್ಯನೂ ಒಬ್ಬ ಸರ್ಕಾರಿ ವಿಜ್ಞಾನಿಯೇ. 1957ರ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿ, ಕೆ.ಎಚ್. ಅಳಿಕುಂಞಿ ಅವರ ಮಾರ್ಗದರ್ಶನದಲ್ಲಿ, ನಿಂತ ನೀರಿನಲ್ಲಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಇದರ ಮಹತ್ವ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯಲ್ಲಿ ಸೊಗಸಾಗಿ ಬೆಳೆಯುತ್ತವೆ, ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತದೆ. ಆದರೆ ಅವು ಅಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮುಂಗಾರಿನ ಹೊಸ ನೀರು ಬೇಕು, ದಡ ಮೀರಿ ಹರಿಯುವ ಪ್ರವಾಹ ಬೇಕು. ಹೀಗಾಗಿ ಮೀನು ಸಾಕುವವರೆಲ್ಲ ಮರಿಗಳಿಗಾಗಿ ನದಿಯನ್ನೇ ನಂಬಿದ್ದರು. ಮಳೆಗಾಲದಲ್ಲಿ ಗಂಗೆಯ ಹರಿವಿಗೆ ಸಣ್ಣ ಕಣ್ಣಿನ ಬಲೆಗಳನ್ನೊಡ್ಡಿ, ಸಾಸಿವೆಯಷ್ಟು ಗಾತ್ರದ ಎಳೆಮರಿಗಳನ್ನು ಹಿಡಿದು, ಪಾತ್ರೆಗಳಲ್ಲಿ ತುಂಬಿ, ಕಲ್ಕತ್ತೆಯಿಂದ ರೈಲಿನಲ್ಲಿ ದೂರದೂರುಗಳಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಸತ್ತವು ಸತ್ತವು. ಉಳಿದವುಗಳಲ್ಲಿ ಗೆಂಡೆ ಯಾವುದು, ಗೆಂಡೆಯನ್ನು ತಿನ್ನುವ ಮೀನು ಯಾವುದು ಎಂಬುದು ದೊಡ್ಡದಾದ ಮೇಲೆಯೇ ಗೊತ್ತಾಗುತ್ತಿತ್ತು.

ಚೌಧುರಿ ಮಾಡಿದ್ದು ಕೇಳಲು ಸರಳವಾದ ಕೆಲಸ. ಬಲಿತ ಮೀನೊಂದರ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತೆಗೆದು, ಅರೆದು, ಅದರ ರಸವನ್ನು ಮೊಟ್ಟೆ ತುಂಬಿದ ಮೀನಿಗೆ ಸೂಜಿಯ ಮೂಲಕ ಕೊಡುವುದು. ತೆಳು ಬಟ್ಟೆಯ ತೊಟ್ಟಿಯಲ್ಲಿ ಒಂದು ಹೆಣ್ಣು, ಎರಡು ಗಂಡು ಮೀನುಗಳನ್ನು ಬಿಟ್ಟು ರಾತ್ರಿಯೆಲ್ಲ ಕಾಯುವುದು. ಆದರೆ ಆ ಸರಳತೆಗೆ ತಲುಪಲು ಅನೇಕರ ಅನೇಕ ವರ್ಷಗಳು ಸಂದಿದ್ದವು. 1930ರ ದಶಕದಲ್ಲಿ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಇಂಥ ಪ್ರಯೋಗ ನಡೆದಿತ್ತು. 1938ರಲ್ಲಿ ಪಂಜಾಬಿನಲ್ಲಿ ಹಮೀದ್ ಖಾನ್ ಮೃಗಾಲ್ ಮೀನಿನ ಮೇಲೆ ಯತ್ನಿಸಿದ್ದರು. 1950ರ ದಶಕದ ನಡುವಿನಲ್ಲಿ ಎಲ್.ಎಸ್. ರಾಮಸ್ವಾಮಿ ಹಾಗೂ ಬಿ.ಐ. ಸುಂದರರಾಜ್ ಚೇಳುಮೀನಿನಲ್ಲಿ ಇದನ್ನು ಸಾಧಿಸಿ ತೋರಿಸಿದ್ದರು. ರಾಮಸ್ವಾಮಿಯವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರೆಂಬುದು ಇಂದಿನ ಬೆಂಗಳೂರಿಗೆ ಮರೆತೇ ಹೋಗಿದೆ. ಚೌಧುರಿ ಮತ್ತು ಅಳಿಕುಂಞಿಯವರ ಎರಡು ಪುಟಗಳ ವರದಿ ಪ್ರಕಟವಾದದ್ದು ಸಹ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, 1957ರಲ್ಲೇ.

ಎರಡು ಪುಟದ ಆ ವರದಿಯ ಫಲವನ್ನು ಅಂಕಿಗಳಲ್ಲಿ ಹೇಳುವುದಾದರೆ, 1950-51ರಲ್ಲಿ ದೇಶದ ಒಳನಾಡು ಮೀನಿನ ಉತ್ಪಾದನೆ ಸುಮಾರು 2.18 ಲಕ್ಷ ಟನ್, 2022-23ರಲ್ಲಿ 131.13 ಲಕ್ಷ ಟನ್. ನಾವು ತಿನ್ನುವ ಮೀನೆಂದರೆ ಸಮುದ್ರದ್ದೇ ಎಂದು ಕರಾವಳಿಯ ಓದುಗರು ಭಾವಿಸಿದರೆ ತಪ್ಪಿಲ್ಲ. ಆದರೆ ದೇಶದಲ್ಲಿ ಇಂದು ಉತ್ಪಾದನೆಯಾಗುವ ನಾಲ್ಕು ಮೀನಿನಲ್ಲಿ ಸರಿಸುಮಾರು ಮೂರು ಒಳನಾಡಿನವು. ಆಂಧ್ರದಿಂದ ಲಾರಿಯಲ್ಲಿ ಬಂದು ನಮ್ಮ ಬಡಾವಣೆಯ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವ ರೋಹು ಮೀನಿನ ವಂಶಾವಳಿ ಕೊನೆಗೆ ಅಂಗುಲ್‌ನ ಆ ಬಟ್ಟೆಯ ತೊಟ್ಟಿಗೆ ಹೋಗಿ ಮುಟ್ಟುತ್ತದೆ.

ಇಷ್ಟನ್ನು ವಿಸ್ತಾರವಾಗಿ ಹೇಳಿದ್ದು ಸ್ಮರಣೆಗಾಗಿ ಮಾತ್ರ ಅಲ್ಲ. ಹವಾಮಾನ ಬದಲಾವಣೆಯ ವಿಷಯಕ್ಕೆ ಬಂದಾಗ ಇದೇ ಸಾಧನೆ ನಮ್ಮ ಕಣ್ಣಿಗೊಂದು ಪರದೆಯನ್ನೂ ಕಟ್ಟಿದೆ.

ಮೀನು ಶೀತರಕ್ತದ ಜೀವಿ. ಅದರ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುವುದು ನೀರಿನ ಉಷ್ಣಾಂಶವನ್ನು ಮತ್ತು ಹಗಲಿನ ಉದ್ದವನ್ನು ಅವಲಂಬಿಸಿದೆ. ಬಲಿತ ಮೊಟ್ಟೆಯನ್ನು ಹೊರಹಾಕುವುದು ಮಳೆ ಮತ್ತು ಪ್ರವಾಹವನ್ನು. ಅಂದರೆ ಎರಡು ಬೀಗ, ಎರಡು ಬೀಗದ ಕೈ. ಬರಾಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ಪಶ್ಚಿಮ ಬಂಗಾಳದ ಮರಿ ಉತ್ಪಾದನಾ ಕೇಂದ್ರಗಳ ಹಳೆಯ ಮತ್ತು ಹೊಸ ಅನುಭವವನ್ನು ಹೋಲಿಸಿ ನೋಡಿದರು. ಹಿಂದೆ ಮುಂಗಾರಿನ ಹೊತ್ತಿಗೆ ಬಲಿಯುತ್ತಿದ್ದ ಗೆಂಡೆಗಳು ಮಾರ್ಚ್‌ನಲ್ಲಿಯೇ ಬಲಿಯತೊಡಗಿದ್ದವು. 1980ರ ದಶಕದ ಆರಂಭದವರೆಗೆ ವರ್ಷಕ್ಕೆ 110ರಿಂದ 120 ದಿನಗಳಿದ್ದ ಸಂತಾನೋತ್ಪತ್ತಿಯ ಕಾಲ 2000-2005ರ ಹೊತ್ತಿಗೆ 160ರಿಂದ 170 ದಿನಗಳಿಗೆ ಹಿಗ್ಗಿತ್ತು. ಮರಿ ಮಾರುವವನಿಗೆ ಇದು ಲಾಭವೇ. ನೀರು ಬೇಗ ಕಾದರೆ ಮೊದಲ ಬೀಗ ಬೇಗ ತೆರೆಯುತ್ತದೆ, ಎರಡನೆಯದನ್ನು ತೆರೆಯಲು ಸೂಜಿ ಇದ್ದೇ ಇದೆ.

ನದಿಯ ಮೀನಿಗೆ ಸೂಜಿ ಕೊಡುವವರಿಲ್ಲ. ಅದೇ ವಿಜ್ಞಾನಿಗಳು ಗಂಗಾ ಬಯಲಿನ ಮಳೆಯ ಲೆಕ್ಕವನ್ನೂ ತೆಗೆದಿದ್ದರು. ಮೀನು ಮೊಟ್ಟೆಯಿಡುವ ಮೇ-ಆಗಸ್ಟ್ ತಿಂಗಳುಗಳ ಮಳೆಯ ಪಾಲು ಕುಗ್ಗಿ, ಅನಂತರದ ತಿಂಗಳುಗಳ ಪಾಲು ಹಿಗ್ಗಿತ್ತು. ಮೊಟ್ಟೆ ಬಲಿತಾಗ ಪ್ರವಾಹವಿಲ್ಲ. ಪ್ರವಾಹ ಬಂದಾಗ ಮೊಟ್ಟೆಗೆ ಕಾಲ ಮೀರಿದೆ. ಗಂಗೆಯಲ್ಲಿ ದೊರೆಯುವ ಗೆಂಡೆಯ ಎಳೆಮರಿಗಳ ಪ್ರಮಾಣ 1960ರ ದಶಕಕ್ಕೆ ಹೋಲಿಸಿದರೆ ತೀವ್ರವಾಗಿ ಕುಸಿದಿದೆ. ಬಯಲಿನ ಬೆಚ್ಚನೆಯ ನೀರಿನಲ್ಲಿ ಇರಬೇಕಾದ ಕೆಲವು ಮೀನುಗಳು ಹರಿದ್ವಾರದವರೆಗೂ ಮೇಲೇರಿವೆ. ಇದೆಲ್ಲಕ್ಕೂ ಹವಾಮಾನವೊಂದೇ ಕಾರಣ ಎಂದರೆ ಅದು ಅನುಕೂಲಸಿಂಧು ವಾದವಾಗುತ್ತದೆ. ಅಣೆಕಟ್ಟೆ, ಕೊಳಚೆ, ಮಿತಿಮೀರಿದ ಬೇಟೆ ಎಲ್ಲವೂ ಇವೆ. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಅಲಹಾಬಾದಿನತ್ತ ಏರುತ್ತಿದ್ದ ಹಿಲ್ಸಾ ಮೀನಿನ ದಾರಿ ಮುಚ್ಚಿದ್ದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಯಾವ ಹಾನಿ ಯಾವುದರಿಂದ ಎಂದು ಬಿಡಿಸಿ ಹೇಳಬೇಕಾದರೆ ಒಂದೇ ಸ್ಥಳದ, ಬಹಳ ವರ್ಷಗಳ ದಾಖಲೆ ಬೇಕಾಗುತ್ತದೆ.

ಸಮಸ್ಯೆ ಇರುವುದು ಇಲ್ಲಿ. ಮೀನಿನ ಒಟ್ಟು ಉತ್ಪಾದನೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಏರುತ್ತಿರುವ ರೇಖೆಯನ್ನು ಕಂಡ ಯಾವ ಕಾರ್ಯದರ್ಶಿಯೂ ನದಿಯ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ಸಾಕಣೆಯ ಕೊಳದ ಯಶಸ್ಸು ನದಿಯ ಸೋಲನ್ನು ಮರೆಮಾಡಿದೆ. ಕೊಳಕ್ಕಾದರೂ ನದಿಯ ಹಂಗು ತಪ್ಪಿಲ್ಲ. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ನೆರವಿನಿಂದ ರೂಪಿಸಿ, ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ವರ್ಷ ಬಿಡುಗಡೆ ಮಾಡಿದ ‘ಜಯಂತಿ’ ರೋಹು ತಳಿ ಇಂದು ಬಹಳ ಜನಪ್ರಿಯ. ಅದನ್ನು ಕಟ್ಟಿದ್ದು ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರ ನದಿಗಳಿಂದ ತಂದ ಕಾಡುಮೀನುಗಳಿಂದ. ನಾಳೆ ಬಿಸಿನೀರನ್ನು ತಾಳುವ ತಳಿ ಬೇಕೆಂದರೆ ಮತ್ತೆ ಹೋಗಬೇಕಾದದ್ದು ಅದೇ ನದಿಗಳಿಗೆ.

ಇನ್ನು ನನ್ನ ಕತೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದು ಮುಗಿಸಿ 1980ರ ದಶಕದ ಆರಂಭದಲ್ಲಿ ನೌಕರಿಗೆ ಸೇರಿದ ನನ್ನನ್ನು ತುಂಗಭದ್ರಾ ಕಣಿವೆಯ ಜಲಾಶಯವೊಂದರ ದಡದ ಪುಟ್ಟ ಘಟಕಕ್ಕೆ ಕಳಿಸಿದರು. ಕೆಲಸ ಇಷ್ಟೇ: ನಸುಕಿನಲ್ಲಿ ನೀರಿನ ಉಷ್ಣಾಂಶ, ನೀರಿನ ತಿಳಿ, ಕರಗಿದ ಆಮ್ಲಜನಕ ಬರೆದುಕೊಳ್ಳುವುದು; ಹರಿಗೋಲುಗಳು ದಡಕ್ಕೆ ಬಂದಾಗ ಯಾವ ಜಾತಿಯ ಮೀನು ಎಷ್ಟು ತೂಕ, ಹೊಟ್ಟೆಯಲ್ಲಿ ತತ್ತಿ ಇದೆಯೇ ಎಂದು ದಾಖಲಿಸುವುದು. ಉದ್ದನೆಯ ರಟ್ಟಿನ ರಿಜಿಸ್ಟರು, ನೀಲಿ ಶಾಯಿ. ಮೊದಲ ವರ್ಷ ಬೇಸರವಾಯಿತು. ಮೂರನೆಯ ವರ್ಷದ ಹೊತ್ತಿಗೆ ಆ ಅಂಕಿಗಳು ತಾವಾಗಿಯೇ ಮಾತನಾಡತೊಡಗಿದವು. ನನಗಿಂತ ಮೊದಲೇ ಅದನ್ನು ಓದಬಲ್ಲ ಹಿರಿಯ ಬೆಸ್ತರೊಬ್ಬರು ಅಲ್ಲಿದ್ದರು. ಒಂದು ಬೇಸಿಗೆ ಅವರು ಬುಟ್ಟಿ ಇಳಿಸುತ್ತಾ, “ಸಾಹೇಬ್ರ, ಈ ಸಲ ನೀರು ಲಗೂನ ಕಾದೈತ್ರಿ, ಮೀನಿನ ಹೊಟ್ಟ್ಯಾಗ ಆಗಲೇ ತತ್ತಿ ಬಂದಾವು” ಎಂದಾಗ ನಾನು ಹಿಂದಿನ ವರ್ಷಗಳ ಪುಟ ತಿರುವಿ ನೋಡಿದೆ. ಅವರ ಮಾತು ಸರಿಯಾಗಿತ್ತು. ಆ ಕಾಲಕ್ಕೆ ‘ಹವಾಮಾನ ಬದಲಾವಣೆ’ ಎಂಬ ಶಬ್ದವನ್ನು ನಾವಿಬ್ಬರೂ ಬಳಸಿರಲಿಲ್ಲ.

ಎಂಟನೆಯ ವರ್ಷ ವರ್ಗಾವಣೆ ಬಂತು. ನನ್ನ ಜಾಗಕ್ಕೆ ಯಾರೂ ಬರಲಿಲ್ಲ. ಹಲವು ವರ್ಷಗಳ ನಂತರ ಅದೇ ಘಟಕಕ್ಕೆ ಭೇಟಿಯಿತ್ತಾಗ ನನ್ನ ರಿಜಿಸ್ಟರುಗಳು ಕೆಟ್ಟ ಪಂಪು, ಹರಿದ ಬಲೆಗಳ ಹಿಂದೆ ಉಗ್ರಾಣದಲ್ಲಿದ್ದವು. ಕೆಲವನ್ನು ಗೆದ್ದಲು ಪೂರ್ತಿ ತಿಂದಿತ್ತು. ಉಳಿದವನ್ನು ಎರಡು ದಿನ ಕುಳಿತು ಕೈಯಿಂದಲೇ ನಕಲು ಮಾಡಿಕೊಂಡೆ. ವಿಪರ್ಯಾಸವೆಂದರೆ, ಮುಂದೆ ಹವಾಮಾನ ಹೊಂದಾಣಿಕೆಯ ಹೆಸರಿನಲ್ಲಿ ಯೋಜನೆಯೊಂದು ಮಂಜೂರಾದಾಗ ಉಪಕರಣಗಳಿಗೆ ಧಾರಾಳ ಹಣ ಬಂತು. ಅರ್ಜಿಯ ನಮೂನೆಯಲ್ಲಿ ‘ಹಿಂದಿನ ದತ್ತಾಂಶ’ ಎಂಬ ಅಂಕಣವಿತ್ತು. ಅಲ್ಲಿ ತುಂಬಲು ನಮ್ಮ ಬಳಿ ಗೆದ್ದಲು ಬಿಟ್ಟುಕೊಟ್ಟಷ್ಟೇ ಇತ್ತು.

ಇದಕ್ಕೆ ಗುಮಾಸ್ತರನ್ನೋ ಉಗ್ರಾಣ ಪಾಲಕರನ್ನೋ ದೂರುವುದು ಸುಲಭ. ನಾನು ಆ ಅಂಕಿಗಳನ್ನು ಪ್ರಕಟಿಸಬಹುದಿತ್ತು, ಪ್ರಕಟಿಸಲಿಲ್ಲ. ಎಂಟು ವರ್ಷದ ಉಷ್ಣಾಂಶದ ಪಟ್ಟಿಯನ್ನು ಯಾವ ಸಂಶೋಧನಾ ಪತ್ರಿಕೆಯೂ ಲೇಖನವೆಂದು ಸ್ವೀಕರಿಸುವುದಿಲ್ಲ. ಸ್ವೀಕರಿಸಿದರೂ ಒಂದೇ ಲೇಖನ. ಅದೇ ಎಂಟು ವರ್ಷದಲ್ಲಿ ಪ್ರಯೋಗಾಲಯದ ತೊಟ್ಟಿಯಲ್ಲಿ ಮೀನಿನ ಆಹಾರದ ಮೇಲೆ ಮೂರು ಮೂರು ತಿಂಗಳ ಪ್ರಯೋಗ ಮಾಡಿದವರಿಗೆ ಇಪ್ಪತ್ತು ಲೇಖನಗಳಾಗುತ್ತವೆ. ಬಡ್ತಿಯ ಲೆಕ್ಕ ಬಂದಾಗ ನಾನೂ ಆ ತೊಟ್ಟಿಗಳ ಕಡೆಗೇ ನಡೆದೆ.

ಕೃಷಿ ಸಂಶೋಧನಾ ಸೇವೆ ಅಸ್ತಿತ್ವಕ್ಕೆ ಬಂದದ್ದೇ ಇಂಥದೊಂದು ನೋವಿನಿಂದ. 1972ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಸಂಸತ್ತಿನಲ್ಲಿ ಗದ್ದಲವಾಯಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಸಮಿತಿ ನೇಮಕವಾಯಿತು. 1975ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಹೊಸ ಸೇವಾ ವ್ಯವಸ್ಥೆಯಲ್ಲಿ, ಮೇಲಿನ ಹುದ್ದೆ ಖಾಲಿಯಾಗುವವರೆಗೆ ಕಾಯದೆ ಯೋಗ್ಯತೆಯ ಮೇಲೆ ಬಡ್ತಿ ಪಡೆಯುವ ಅವಕಾಶ ದೊರೆಯಿತು. ಅದು ನ್ಯಾಯವಾದ ಸುಧಾರಣೆ. ನನ್ನ ತಲೆಮಾರು ಅದರ ಫಲ ಉಂಡಿದೆ. ಆದರೆ ‘ಯೋಗ್ಯತೆ’ ಎಂಬುದನ್ನು ಅಳೆಯುವ ಕೋಲು ಬರುಬರುತ್ತಾ ಪತ್ರಿಕೆಗಳ ದರ್ಜೆ, ಲೇಖನಗಳ ಎಣಿಕೆ ಮತ್ತು ತಂದ ಯೋಜನೆಗಳ ಮೊತ್ತಕ್ಕೆ ಇಳಿಯಿತು. ಒಂದೇ ನೀರಿನ ಮುಂದೆ ಇಪ್ಪತ್ತು ವರ್ಷ ಕುಳಿತವರಿಗೆ ಆ ಕೋಲಿನಲ್ಲಿ ಗುರುತೇ ಇಲ್ಲ. ಐಸಿಎಆರ್‌ನಲ್ಲಿ ಖಾಲಿ ಬಿದ್ದಿರುವ ಹುದ್ದೆಗಳ ಬಗ್ಗೆ ಸಂಸದೀಯ ಸ್ಥಾಯಿ ಸಮಿತಿ ಹಲವು ಬಾರಿ ಕಳವಳ ವ್ಯಕ್ತಪಡಿಸಿದೆ. ಖಾಲಿ ಹುದ್ದೆಯೆಂದರೆ ಸಂಬಳದ ಉಳಿತಾಯ ಎಂದು ಹಣಕಾಸಿನವರು ಭಾವಿಸುತ್ತಾರೆ. ದೀರ್ಘಕಾಲದ ದಾಖಲೆಯಲ್ಲಿ ಎರಡು ವರ್ಷದ ಖಾಲಿ ಹುದ್ದೆಯೆಂದರೆ ಮುಂದೆಂದೂ ತುಂಬಲಾಗದ ಎರಡು ವರ್ಷ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ. 2019ರಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆಗೆ ಪ್ರತ್ಯೇಕ ಸಚಿವಾಲಯವೂ ಬಂತು. ಸಂತೋಷ. ಆದರೆ ಮೀನಿನ ಸಂಶೋಧನಾ ಸಂಸ್ಥೆಗಳು ಐಸಿಎಆರ್‌ನ ಮೂಲಕ ಕೃಷಿ ಸಚಿವಾಲಯದಲ್ಲಿಯೇ ಉಳಿದಿವೆ. ಹಣ ಇರುವ ಮನೆ ಒಂದು, ನೀರಿನ ನಾಡಿ ಹಿಡಿಯುವವರ ಮನೆ ಇನ್ನೊಂದು.

ಇದು ದೂರದ ಗಂಗೆಯ ಮಾತು, ನಮಗೇನು ಎನ್ನುವಂತಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ನಾವು ಅಂದು ಬೆಳೆನಷ್ಟದ ಬಗ್ಗೆ, ಬೆಂಗಳೂರಿನ ಟ್ಯಾಂಕರ್ ದರದ ಬಗ್ಗೆ ಪುಟಗಟ್ಟಲೆ ಬರೆದೆವು. ತುಂಬದ ಕೆರೆಯ ಮೀನು ಪಾಶುವಾರು ಹಕ್ಕಿಗೆ ಹಣ ಕಟ್ಟಿದ್ದ ಸಹಕಾರ ಸಂಘಗಳ ಸದಸ್ಯರು ಏನು ಮಾಡಿದರು ಎಂದು ಕೇಳಿದವರು ಕಡಿಮೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ವರ್ಷದಲ್ಲಿ ಕೆಲವೇ ತಿಂಗಳು ನೀರಿರುವಂಥವು. ಮಳೆ ತಡವಾಗಿ ಬಂದರೆ ಮರಿ ಬಿಡುವುದು ತಡ. ಬೇಸಿಗೆ ಬೇಗ ಕಾದರೆ ಕೆರೆ ಬತ್ತುವುದು ಬೇಗ. ನಡುವೆ ಮೀನು ಬೆಳೆಯಲು ಉಳಿಯುವ ಕಾಲ ಎರಡೂ ತುದಿಯಿಂದ ಮೊಟಕಾಗುತ್ತದೆ. ಗುತ್ತಿಗೆಯಾದರೋ ಕ್ಯಾಲೆಂಡರನ್ನು ನಂಬಿದೆ, ಮಳೆಯನ್ನಲ್ಲ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ ಎಂಬುದು ಶಾಲಾ ಪಾಠ. 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಅದಕ್ಕೆ ಕೊಳಚೆಯೂ ಸೇರಿದರೆ ಏನಾಗುತ್ತದೆ ಎಂಬುದನ್ನು 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಬೆಳ್ಳಗೆ ತೇಲಿದ ಸಾವಿರಾರು ಸತ್ತ ಮೀನುಗಳು ತೋರಿಸಿದವು.

ಹೊಂದಾಣಿಕೆಗೆ ದಾರಿಗಳಿಲ್ಲವೆಂದಲ್ಲ. ಸಣ್ಣ ಮರಿಯ ಬದಲು ಹಿಂದಿನ ವರ್ಷವೇ ಬೆಳೆಸಿಟ್ಟ ದೊಡ್ಡ ಮರಿಯನ್ನು ಬಿಟ್ಟರೆ ಮೊಟಕಾದ ಕಾಲದಲ್ಲಿಯೂ ಮೀನು ಮಾರುಕಟ್ಟೆಯ ತೂಕಕ್ಕೆ ಬರುತ್ತದೆ. ಎಲ್ಲ ಕೆರೆಗೂ ಉತ್ತರದ ಮೂರು ಗೆಂಡೆಗಳನ್ನೇ ಬಿಡಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರದ ವಿಜ್ಞಾನಿಗಳು, ನಮ್ಮ ನದಿಗಳಿಂದ ಬಹುಮಟ್ಟಿಗೆ ಕಣ್ಮರೆಯಾಗಿದ್ದ, ಜಲಸಸ್ಯ ತಿಂದು ಬೆಳೆಯುವ ಸ್ಥಳೀಯ ಗೆಂಡೆಯೊಂದನ್ನು ಸಾಕಣೆಯಲ್ಲಿ ಮರಿ ಮಾಡಿಸುವಲ್ಲಿ ಯಶಸ್ವಿಯಾಗಿದ್ದಾರೆ. ಚೌಧುರಿಯವರ ಪರಂಪರೆಯ ನೇರ ಮುಂದುವರಿಕೆ ಇದು. ಆದರೆ ಯಾವ ಕೆರೆಗೆ ಯಾವ ಮೀನು, ಯಾವ ವಾರ ಬಿಡಬೇಕು, ಯಾವ ವಾರ ಹಿಡಿಯಬೇಕು ಎಂಬುದಕ್ಕೆ ದೆಹಲಿಯಿಂದ ಬರುವ ಮಾರ್ಗಸೂಚಿ ಉತ್ತರ ಹೇಳಲಾರದು. ಆ ಕೆರೆಯ, ಆ ಜಲಾಶಯದ ಹಿಂದಿನ ವರ್ಷಗಳೇ ಹೇಳಬೇಕು.

ಈಗ ನೀರಿನೊಳಗೆ ಸಂವೇದಕ ಇಟ್ಟರೆ ಸಾಕು, ಉಷ್ಣಾಂಶ ತಾನಾಗಿಯೇ ಮೊಬೈಲಿಗೆ ಬರುತ್ತದೆ, ನಿಮ್ಮ ನೀಲಿ ಶಾಯಿಯ ಕಾಲ ಮುಗಿಯಿತು ಎಂದು ಕಿರಿಯ ಮಿತ್ರರು ಹೇಳುತ್ತಾರೆ. ಸಂವೇದಕ ಬೇಕು, ನಾನು ವಿರೋಧಿಯಲ್ಲ. ಅದು ನೀರಿನ ಬಿಸಿಯನ್ನು ಹೇಳುತ್ತದೆ, ಮೀನಿನ ಹೊಟ್ಟೆಯೊಳಗಿನ ತತ್ತಿಯನ್ನು ಹೇಳುವುದಿಲ್ಲ. ಅದಕ್ಕೆ ದಡದಲ್ಲಿ ಮನುಷ್ಯ ಬೇಕು. ಬೆಸ್ತರು ನಂಬಿ ಮೀನಿನ ಹೊಟ್ಟೆ ಸೀಳಿ ತೋರಿಸುವಷ್ಟು ಕಾಲ ಅಲ್ಲಿ ಇದ್ದ ಮನುಷ್ಯ. ಪ್ರತಿಯೊಂದು ನದಿ ಕಣಿವೆಯಲ್ಲೂ ಎರಡು ಮೂರು ಸ್ಥಳಗಳನ್ನು ಗುರುತಿಸಿ, ಅಲ್ಲಿನ ವಿಜ್ಞಾನಿಯನ್ನು ಕನಿಷ್ಠ ಹತ್ತು ವರ್ಷ ಕದಲಿಸದೆ, ಆತ ಇಟ್ಟ ದಾಖಲೆಯನ್ನೇ ಬಡ್ತಿಗೆ ಲೇಖನದ ಸಮಾನವಾಗಿ ಪರಿಗಣಿಸಬೇಕು. ಸರ್ಕಾರಿ ಮರಿ ಉತ್ಪಾದನಾ ಕೇಂದ್ರಗಳ ರಿಜಿಸ್ಟರುಗಳಲ್ಲಿ ವರ್ಷದ ಮೊದಲ ತತ್ತಿಯ ದಿನಾಂಕ ಹೇಗೂ ನಮೂದಾಗುತ್ತದೆ. ಅವನ್ನು ಒಂದೆಡೆ ಸೇರಿಸಲು ಬೇಕಾಗುವುದು ಒಬ್ಬ ಗುಮಾಸ್ತ ಮತ್ತು ಒಂದು ಕಂಪ್ಯೂಟರ್. ಇಪ್ಪತ್ತು ಸಾವಿರ ಕೋಟಿಯ ಯೋಜನೆಯಲ್ಲಿ ಇದರ ಖರ್ಚು ಕಾಣಿಸುವುದೂ ಇಲ್ಲ. ಬಹುಶಃ ಆ ಕಾರಣಕ್ಕೇ ಇದನ್ನು ಯಾರೂ ಕೈಗೆತ್ತಿಕೊಳ್ಳುತ್ತಿಲ್ಲ. ವರ್ಗಾವಣೆಯಿಲ್ಲದಿದ್ದರೆ ಪಟ್ಟಭದ್ರರಾಗುತ್ತಾರೆ ಎಂಬ ಆಕ್ಷೇಪ ಕಂದಾಯ ಇಲಾಖೆಗೆ ಒಪ್ಪಬಹುದು, ಥರ್ಮಾಮೀಟರಿಗೆ ಒಪ್ಪುವುದಿಲ್ಲ.

ಹೀರಾಲಾಲ್ ಚೌಧುರಿ ಮುಂದೆ ಅಂತರರಾಷ್ಟ್ರೀಯ ಸಂಸ್ಥೆಗಳ ತಜ್ಞರಾಗಿ ಏಷ್ಯಾದ ಹಲವು ದೇಶಗಳಿಗೆ ತಮ್ಮ ವಿದ್ಯೆಯನ್ನು ಕೊಂಡೊಯ್ದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ಕೆಲವು ತಿಂಗಳ ಹಿಂದೆ ನನಗೊಂದು ಕರೆ ಬಂತು. ಹವಾಮಾನ ಯೋಜನೆಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿರುವ ಯುವತಿ. ನಾನಿದ್ದ ಅದೇ ಜಲಾಶಯಕ್ಕೆ ಈಗ ಹೋಗಿಬರುತ್ತಿದ್ದಾರಂತೆ. “ಸರ್, 1988ರಲ್ಲಿ ಅಲ್ಲಿ ತತ್ತಿಯಿದ್ದ ಮೊದಲ ಮೀನು ಯಾವ ತಾರೀಖಿಗೆ ಸಿಕ್ಕಿತ್ತು, ನಿಮ್ಮಲ್ಲೇನಾದರೂ ಇದೆಯೇ?” ಎಂದು ಕೇಳಿದರು. ನಕಲು ಮಾಡಿಟ್ಟುಕೊಂಡಿದ್ದ ಹಾಳೆಗಳನ್ನು ತೆಗೆದು ನೋಡಿದೆ. 1986 ಇತ್ತು, 1987 ಇತ್ತು. 1988ರ ರಿಜಿಸ್ಟರು ಗೆದ್ದಲಿನ ಪಾಲಾದವುಗಳಲ್ಲಿ ಒಂದು. ಇದ್ದ ಹಾಳೆಗಳ ಚಿತ್ರ ತೆಗೆದು ಕಳುಹಿಸಿದೆ. ಬಹಳ ಸಂತೋಷಪಟ್ಟು, ಬರುವ ಬೇಸಿಗೆಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಮೀನಿಳಿಯುವ ದಡದಲ್ಲಿ ಕುಳಿತು ಲೆಕ್ಕ ತೆಗೆಯುವ ಆಸೆಯಿದೆ ಎಂದರು. ಯೋಜನೆಯ ಅವಧಿ ಎಂದಿನವರೆಗೆ ಎಂದು ಕೇಳಿದೆ. ಮಾರ್ಚ್ 31ರವರೆಗೆ ಎಂದರು.